ಬೇಸಿಗೆ ಬಂತು, ಸನ್ಯಾಸಿ ಏಡಿ ಸಾಕಿದವರು ಓದಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಬಿಸಿಲು 40 ಡಿಗ್ರಿ ದಾಟೋ ಕಾಲ ಇದು. ಸನ್ಯಾಸಿ ಏಡಿಗೆ (ಖಾಲಿ ಬಸವನಹುಳು ಚಿಪ್ಪಿನೊಳಗೆ ವಾಸಿಸುವ ಹರ್ಮಿಟ್ ಕ್ರ್ಯಾಬ್) ಉಪ್ಪುನೀರಿನ ಟ್ಯಾಂಕ್ ಇಟ್ಟವರು ನೀರನ್ನು 24ರಿಂದ 26 ಡಿಗ್ರಿ ಒಳಗೆ ಇಡಲು ನೋಡಿ. ನೀರು ತಂಪು ಮಾಡುವ ಯಂತ್ರ (ಚಿಲ್ಲರ್) ಇಲ್ಲವಾ? ಮುಚ್ಚಳ ತೆಗೆದು ಮೇಲಿಂದ ಸಣ್ಣ ಫ್ಯಾನ್ ಹಚ್ಚಿ. ಆಗ ನೀರು ಜಾಸ್ತಿ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದಷ್ಟು ಆರ್‌ಒ ನೀರನ್ನೇ ಸುರಿಯಿರಿ, ಉಪ್ಪುನೀರಲ್ಲ. ಬೋರ್ ನೀರಂತೂ ಬೇಡವೇ ಬೇಡ.

'ಏಡಿ ಸತ್ತಿದೆ' ಅಂತ ಮೊನ್ನೆ ಗುಂಪಿನಲ್ಲಿ ಒಂದು ಫೋಟೊ ಬಂತಲ್ವಾ? ಗಾಬರಿ ಬೇಡ. ಅದು ಏಡಿ ಕಳಚಿದ ಪೊರೆ ಇರಬಹುದು. ಹೋದ ವರ್ಷ ನಾನೂ ಅಳುಮುಖ ಮಾಡಿಕೊಂಡು ಎತ್ತಿದ್ದೆ. ಕಾಲು, ಕಣ್ಣಿನ ಕಡ್ಡಿ, ಮೀಸೆ ಎಲ್ಲಾ ಇತ್ತು, ಆದರೆ ಒಳಗೆ ಟೊಳ್ಳು. ಏಡಿ ಮಾತ್ರ ಕಲ್ಲಿನ ಸಂದಿಯಲ್ಲಿ, ಚಿಪ್ಪಿನೊಳಗೆ ಸುಮ್ನೆ ಕೂತಿತ್ತು. ಪೊರೆ ಬಿಟ್ಟಾಗ ಮೈ ಮೆತ್ತಗಿರುತ್ತದೆ, ಕೆಣಕಬೇಡಿ.

ಖಾಲಿ ಚಿಪ್ಪುಗಳನ್ನು ಧಾರಾಳವಾಗಿ ಹಾಕಿ, ಈಗಿರುವುದಕ್ಕಿಂತ ಸ್ವಲ್ಪ ದೊಡ್ಡವೂ ಇರಲಿ. ಇಲ್ಲದಿದ್ದರೆ ಮನೆಗಾಗಿ ಬಸವನಹುಳುವನ್ನೇ ಕೊಲ್ಲುತ್ತವೆ. ಬಣ್ಣ ಬಳಿದ ಚಿಪ್ಪು ತರಬೇಡಿ.

ಇನ್ನೊಂದು, ಮೀನಿಗೆ ಹುಷಾರಿಲ್ಲ ಅಂತ ತಾಮ್ರದ ಔಷಧಿಯನ್ನು ಇದೇ ಟ್ಯಾಂಕಿಗೆ ಹಾಕಬೇಡಿ. ಏಡಿ, ಹವಳ ಎರಡೂ ಹೋಗುತ್ತವೆ. ಮೀನನ್ನೇ ಬೇರೆ ಟ್ಯಾಂಕಿಗೆ ಬಿಡಿ.

ಹೆಚ್ಚಿನ ಚಿಪ್ಪು ನನ್ನ ಹತ್ತಿರ ಒಂದು ಡಬ್ಬಿ ಇದೆ. ಬೇಕಾದವರು ಇಲ್ಲೇ ಹೇಳಿ.