ಪ್ಯಾಕೆಟ್ ಮೇಲೆ ತೆನೆ, ಒಳಗೆ ಮೈದಾ

ಮಾನ್ಯ ಸಂಪಾದಕರೇ,

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಆರು ವರ್ಷ ಆಯಿತು. ಏನೇನೋ ಬಿಟ್ಟರು, ಬೆಳಿಗ್ಗೆ ಟೀ ಜೊತೆ ಬ್ರೆಡ್ ತಿನ್ನೋದು ಮಾತ್ರ ಬಿಡಲಿಲ್ಲ. ವಾಕಿಂಗ್ ಹೋಗುವ ಕಡೆ ಯಾರೋ ‘ಮೈದಾ ಬ್ರೆಡ್ ಬಿಡಿ ಸಾರ್, ಕಾರ್ನ್ ಬ್ರೆಡ್ ತಗೊಳ್ಳಿ, ಶುಗರ್‌ಗೆ ಒಳ್ಳೇದು’ ಅಂದರಂತೆ. ಮಾರನೇ ದಿನವೇ ಒಂದು ಪ್ಯಾಕೆಟ್ ಬಂತು. 400 ಗ್ರಾಂ, 60 ರೂಪಾಯಿ. ಮೇಲೆ ಸಿಪ್ಪೆ ಸುಲಿದ ಹಳದಿ ತೆನೆಯ ಚಿತ್ರ, ಅದರ ಮೇಲೆ ನೀರಿನ ಹನಿ ಬೇರೆ. ನೋಡಿದರೆ ಈಗ ತಾನೇ ಹೊಲದಿಂದ ಮುರಿದು ತಂದ ಹಾಗಿತ್ತು.

ಅದೇ ವಾರ ಜಗಳೂರು ಕಡೆಯಿಂದ ನನ್ನ ತಮ್ಮ ಬಂದಿದ್ದ. ಅವನದು ನಾಲ್ಕು ಎಕರೆ ಮೆಕ್ಕೆಜೋಳ. ಟೀ ಕುಡಿಯುತ್ತಾ ಆ ಪ್ಯಾಕೆಟ್ ತಿರುಗಿಸಿ ಮುರುಗಿಸಿ ನೋಡಿದ. ‘ಅಕ್ಕಾ, ಇದಕ್ಕೆ ನಮ್ಮ ಜೋಳ ಎಷ್ಟು ಹಾಕಿರ್ತಾರೆ?’ ಅಂದ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಿಂದುಗಡೆ ಬರೆದಿತ್ತು, ಆದರೆ ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು.

ಮೊದಲ ಹೆಸರು ಮೈದಾ. ಆಮೇಲೆ ನೀರು, ಸಕ್ಕರೆ. ಅದಾದ ಮೇಲೆ ‘ಕಾರ್ನ್ ಫ್ಲೋರ್ 7%’. ಕೆಳಗೆ ತಾಳೆ ಎಣ್ಣೆ, ಯೀಸ್ಟ್, ಉಪ್ಪು, ಕೆಡದ ಹಾಗೆ ಇಡುವ 282, ಕೊನೆಗೆ ಬಣ್ಣ 100. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ, ಯಾವುದರ ತೂಕ ಜಾಸ್ತಿಯೋ ಅದರ ಹೆಸರನ್ನೇ ಮೊದಲು ಬರೆಯಬೇಕು. ಅಂದರೆ ಈ ಜೋಳದ ಬ್ರೆಡ್ಡಿನಲ್ಲಿ ಜೋಳಕ್ಕಿಂತ ಸಕ್ಕರೆಯೇ ಜಾಸ್ತಿ! ಪಕ್ಕದ ಪಟ್ಟಿಯಲ್ಲಿ 100 ಗ್ರಾಂಗೆ 9 ಗ್ರಾಂ ಸಕ್ಕರೆ ಅಂತ ಇತ್ತು. ಶುಗರ್‌ಗೆ ಒಳ್ಳೇದು ಅಂತ ತಂದದ್ದು ನಾವು.

ಆ 100ನೇ ನಂಬರ್ ಬಣ್ಣ ಯಾವುದು ಗೊತ್ತಾ? ಕುರ್ಕುಮಿನ್, ಅಂದರೆ ಅರಿಶಿನದ ಹಳದಿ. ಅದರಿಂದ ತೊಂದರೆ ಇಲ್ಲ ಬಿಡಿ, ದಿನಾ ಸಾರಿಗೆ ಹಾಕುತ್ತೇವೆ. ಆದರೆ ಜೋಳ ಸಾಕಷ್ಟಿದ್ದರೆ ಬ್ರೆಡ್ ತಾನಾಗಿಯೇ ಹಳದಿ ಆಗಬೇಕಿತ್ತಲ್ವಾ?

ತಮ್ಮ ಅಲ್ಲೇ ಲೆಕ್ಕ ಹಾಕಿದ. 400 ಗ್ರಾಂಗೆ ಏಳು ಪರ್ಸೆಂಟ್ ಅಂದರೆ 28 ಗ್ರಾಂ. ಒಂದು ಹಿಡಿ ಕಾಳು. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಬೆಲೆ ಎಷ್ಟು ಜನರ ಕೈಗೆ ಬಂತು ಅನ್ನೋದು ಬೇರೆ ಮಾತು. ಅದೇ ದರ ಹಿಡಿದರೂ 28 ಗ್ರಾಂಗೆ 67 ಪೈಸೆ. ‘ಅರವತ್ತು ರೂಪಾಯಲ್ಲಿ ನಮ್ದು ಒಂದು ರೂಪಾಯೂ ಇಲ್ಲ, ಚಿತ್ರ ಮಾತ್ರ ನಮ್ದು’ ಅಂತ ನಕ್ಕ.

ಆ 28 ಗ್ರಾಂ ಕೂಡ ಪೂರ್ತಿ ಜೋಳವೋ ಅಲ್ಲವೋ. ನಮ್ಮಲ್ಲಿ ಕಾರ್ನ್ ಫ್ಲೋರ್ ಅಂದರೆ ಸಾಮಾನ್ಯವಾಗಿ ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿ. ಅದು ಕಾಳಿನಿಂದ ತೆಗೆದ ಬರೀ ಪಿಷ್ಟ. ಸಿಪ್ಪೆಯ ನಾರು, ಮೊಳಕೆ ಭಾಗದ ಎಣ್ಣೆ, ಪ್ರೋಟೀನ್ ಎಲ್ಲ ಬೇರೆ ಮಾಡಿದ ಮೇಲೆ ಉಳಿಯುವಂಥದ್ದು. ಹಾಗೆ ತೆಗೆದ ನಾರು, ಪ್ರೋಟೀನ್ ಹೋಗುವುದು ದನದ ಹಿಂಡಿಗೆ, ಕೋಳಿ ಆಹಾರಕ್ಕೆ. ಗಿರಣಿಯಲ್ಲಿ ಇಡೀ ಕಾಳು ಬೀಸಿದರೆ ಬರುವ ಹಳದಿ ಹಿಟ್ಟಿನ ಕಥೆಯೇ ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿ ನೋಡಿ. 100 ಗ್ರಾಂ ಒಣ ಮೆಕ್ಕೆಜೋಳದಲ್ಲಿ ಸುಮಾರು 12 ಗ್ರಾಂ ನಾರು, ಹತ್ತಿರ ಹತ್ತಿರ 9 ಗ್ರಾಂ ಪ್ರೋಟೀನ್ ಇದೆ. ಮೈದಾದಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ನಮ್ಮ ಬ್ರೆಡ್ ಪ್ಯಾಕೆಟ್ ಮೇಲೆ ಇದ್ದದ್ದು 2.2 ಗ್ರಾಂ. ಸೋಡಿಯಂ 480 ಮಿಲಿಗ್ರಾಂ. ನಾಲ್ಕು ಸ್ಲೈಸ್, ಅಂದರೆ ಸುಮಾರು 100 ಗ್ರಾಂ ತಿಂದರೆ ಸೋಡಿಯಂನ ದಿನದ 2,000 ಮಿಲಿಗ್ರಾಂ ಮಿತಿಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಮುಗಿಯಿತು.

ಕಂಪನಿಯವರ ಕಡೆಯೂ ಒಂದು ನ್ಯಾಯ ಇದೆ, ಹೇಳಿಬಿಡುತ್ತೇನೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಯೀಸ್ಟ್ ಹಾಕಿದರೂ ಉಬ್ಬಿ ನಿಲ್ಲುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಕಾರ್ನ್ ಬ್ರೆಡ್ ನಿಜವಾಗಿ ಜೋಳದ್ದೇ. ದಪ್ಪ ಹಿಟ್ಟಿಗೆ ಮಜ್ಜಿಗೆ, ಮೊಟ್ಟೆ, ಸೋಡಾ ಕಲಸಿ ಕಬ್ಬಿಣದ ಬಾಣಲೆಯಲ್ಲಿ ಬೇಯಿಸುತ್ತಾರೆ. ಅದು ಮುಟ್ಟಿದರೆ ಉದುರುತ್ತದೆ, ಆರಿದ ರೊಟ್ಟಿ ಅಂಚು ಮುರಿದ ಹಾಗೆ. ಸ್ಪಂಜಿನಂತೆ ಮೆತ್ತಗೆ, ತೆಳ್ಳಗೆ ಕೊಯ್ಯಲು ಬರುವ ಬ್ರೆಡ್ ಬೇಕೆಂದರೆ ಮೈದಾನೋ ಗೋಧಿನೋ ಬೇಕೇ ಬೇಕು. ಹಾಕಲಿ. ಆದರೆ ಹೆಸರು ಯಾಕೆ ಜೋಳದ್ದು?

ಮೆಕ್ಕೆಜೋಳ ಅಮೃತ ಅಂತಲೂ ನಾನು ಹೇಳುತ್ತಿಲ್ಲ. ತಮ್ಮನಿಗೆ ಈ ಮಾತು ಹಿಡಿಸಲಿಲ್ಲ. ಮೆಕ್ಕೆಜೋಳದಲ್ಲಿ ಲೈಸಿನ್ ಅನ್ನುವ ಪ್ರೋಟೀನ್ ಅಂಶ ಕಮ್ಮಿ, ಕ್ಯಾಲ್ಸಿಯಂ ಅಂತೂ ಲೆಕ್ಕಕ್ಕಿಲ್ಲ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದ್ದರೆ ಇದರಲ್ಲಿ ಹತ್ತರ ಆಸುಪಾಸು. ಅದರಲ್ಲಿರುವ ನಿಯಾಸಿನ್ ಅನ್ನುವ ಬಿ ವಿಟಮಿನ್ ಕೂಡ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಿಂದೆ ಇದೇ ಅಮೆರಿಕದ ದಕ್ಷಿಣದಲ್ಲಿ ಬಡವರು ಬರೀ ಜೋಳ ತಿಂದು ಪೆಲಗ್ರ ಕಾಯಿಲೆಯಿಂದ ಸತ್ತರು. ಅದು ಅಂಟುರೋಗ ಅಲ್ಲ, ಊಟದ ಕೊರತೆ ಅಂತ 1914ರಿಂದ ಓಡಾಡಿ ತೋರಿಸಿದವರು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು. ಮೆಕ್ಸಿಕೋದವರು ಮಾತ್ರ ಹಿಂದಿನಿಂದಲೂ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿಯೇ ರೊಟ್ಟಿ ಮಾಡುತ್ತಿದ್ದರು. ಹಾಗೆ ಬೇಯಿಸಿದರೆ ಆ ನಿಯಾಸಿನ್ ಮೈಗೆ ಹತ್ತುತ್ತದೆ, ಹಾಗಾಗಿ ಬಚಾವಾದರು. ನಮಗೆ ಸುಣ್ಣ ಬೇಡ. ರೊಟ್ಟಿ ಪಕ್ಕ ತೊಗರಿಬೇಳೆ, ಸೊಪ್ಪಿನ ಪಲ್ಯ, ಮೊಸರು ಇದ್ದರೆ ಆಯಿತು.

ನಿಮ್ಮ ಪತ್ರಿಕೆಯ ಮೂಲಕ ಕೇಳುವುದು ಇಷ್ಟೇ. ಹೆಸರಿನಲ್ಲಿ ಜೋಳ ಇದ್ದರೆ ಜೋಳ ಎಷ್ಟು ಪರ್ಸೆಂಟ್ ಅಂತ ಹೆಸರಿನ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಬರೆಯಲಿ. ಹಿಂದುಗಡೆ ಇರುವೆ ಸಾಲಿನ ಹಾಗೆ ಬರೆದರೆ ನಿಯಮ ಪಾಲಿಸಿದಂತಾಗಬಹುದು, ಓದುವವರು ಯಾರು? ಇನ್ನು ಬೇಕರಿಗಳಲ್ಲಿ ಬಿಡಿಯಾಗಿ ಮಾರುವ ‘ಕಾರ್ನ್ ಬನ್’ಗೆ ಹಿಂದುಗಡೆಯೂ ಇಲ್ಲ, ಮುಂದುಗಡೆಯೂ ಇಲ್ಲ. ಸುಗ್ಗಿ ಬಂದರೆ ರಸ್ತೆ ತುಂಬ ಜೋಳ ಒಣಹಾಕುವ ಜಿಲ್ಲೆ ನಮ್ಮದು. ಇಲ್ಲಿಯ ಜನಕ್ಕೇ ಏಳು ಪರ್ಸೆಂಟ್ ಜೋಳವನ್ನು ಜೋಳ ಅಂತ ಮಾರುತ್ತಾರಲ್ಲ, ಅದೇ ನನಗೆ ಆಶ್ಚರ್ಯ.

ತಮ್ಮ ಹೋಗುವಾಗ ಐದು ಕೆಜಿ ಕಾಳು ಇಟ್ಟು ಹೋದ. ಗಿರಣಿಯಲ್ಲಿ ಬೀಸಿಸಿದೆ. ಬಿಸಿನೀರು ಹಾಕಿ ಎಷ್ಟು ನಾದಿದರೂ ಮೊದಲ ಎರಡು ರೊಟ್ಟಿ ತಟ್ಟುವಾಗಲೇ ಒಡೆದವು, ಮೂರನೆಯದು ಕೈಗೆ ಬಂತು. ನಮ್ಮ ಮನೆಯವರು ಟೀಯಲ್ಲಿ ಅದ್ದಿ ತಿಂದರು. ಚೆನ್ನಾಗಿದೆ ಅಂತೇನೂ ಅನ್ನಲಿಲ್ಲ, ಇನ್ನೊಂದು ಹಾಕು ಅಂದರು.

– ಹಳೆಯ ಓದುಗಾರ್ತಿ, ದಾವಣಗೆರೆ