ಮೊದಲೇ ಕೇಳಬೇಕಾದವರು

ಸಂಪಾದಕರೇ,

ಅಂಗವಿಕಲರ ನೆರವಿಗೆ ಹಣ ಕೊಡುವ ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವಿಕಲರ ವಿಮಾ ಯೋಜನೆಗೆ ಒಂದು ಸಲಹಾ ಮಂಡಳಿ ಇದೆ. ಅದರಲ್ಲಿ ಅಂಗವಿಕಲರೂ ಇರಲೇಬೇಕು ಅಂತ 2013ರ ಕಾನೂನೇ ಹೇಳುತ್ತದೆ. ಹಾಗಿದ್ದೂ 2020ರಲ್ಲಿ ಕೊರೊನಾ ಬಂದಾಗ, ಮೊದಲ ತಿಂಗಳುಗಳಲ್ಲಿ ಸರ್ಕಾರ ಅಂಗವಿಕಲರನ್ನು ಸರಿಯಾಗಿ ಕೇಳಲೇ ಇಲ್ಲ ಎಂದು, ಅಂಗವಿಕಲರ ಮೇಲಿನ ದೌರ್ಜನ್ಯದ ತನಿಖೆಗೆ ನೇಮಕವಾಗಿದ್ದ ರಾಯಲ್ ಕಮಿಷನ್ ಅದೇ ವರ್ಷ ಹೇಳಿತು. ಆಗಿನ ನಿಯಮದಂತೆ ಒಂದೂವರೆ ಮೀಟರ್ ದೂರ ನಿಂತು ಯಾರನ್ನಾದರೂ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಲು ಆಗುತ್ತದಾ? ಸ್ನಾನ ಮಾಡಿಸಿ, ಊಟ ತಿನ್ನಿಸಲು ಬರುವವರಿಗೇ ಮಾಸ್ಕ್ ಸಿಗದಿದ್ದರೆ ಹಾಸಿಗೆಯಲ್ಲಿರುವವರ ಗತಿ ಏನು? ಇಂಥದ್ದು ಅನುಭವಿಸಿದವರಿಗೇ ಮೊದಲು ಹೊಳೆಯುವುದು ಅಲ್ವಾ? ಆಮೇಲೆ ಯೋಜನೆಯ ಹಣದಲ್ಲಿ ಮನೆಯಿಂದಲೇ ಆನ್‌ಲೈನ್ ನೆರವು ಪಡೆಯಲು ಟ್ಯಾಬ್ಲೆಟ್ ಕಂಪ್ಯೂಟರ್ ಕೊಳ್ಳಲು ಬಿಟ್ಟಿದ್ದು ಒಳ್ಳೆಯದೇ ಆಯಿತು. ಮುಂದಿನ ಸಲ ಇಂಥ ನಿಯಮಗಳ ಕರಡು ಬರೆಯುವ ದಿನವೇ ಮಂಡಳಿಯವರನ್ನು ಜೊತೆಗೆ ಕೂರಿಸಿಕೊಳ್ಳಲಿ.

— ಓದುಗರೊಬ್ಬರು, ಮೆಲ್ಬರ್ನ್