ಚೆನ್ನಮ್ಮ ಕೊಟ್ಟ ಜಾಗದ ಕಥೆ ಬಿದನೂರಿನಲ್ಲೂ ಇರಲಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವನು. ಸ್ವಲ್ಪ ಅಡಿಕೆ ತೋಟ ಇದೆ, ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ನಾನು ಕೇಳುವುದು ಒಂದೇ. ಹಿಂದೆ ಬಿದನೂರು ಎನ್ನುತ್ತಿದ್ದ ನಮ್ಮ ನಗರ ಎಂಬ ಊರಿನ ಕೋಟೆಗೆ ಹೋಗುವ ರಸ್ತೆ ಪಕ್ಕ ಕನ್ನಡದಲ್ಲಿ ಒಂದು ಫಲಕ ಹಾಕಿಸಿ. ಆರು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ.

ಫಲಕದಲ್ಲಿ ಏನಿರಬೇಕು ಎಂದು ಅರ್ಜಿಯಲ್ಲೇ ಬರೆದಿದ್ದೆ. ಇಲ್ಲಿ ಮತ್ತೆ ಬರೆಯುತ್ತೇನೆ. ಮಂಗಳೂರು ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ (ಚರ್ಚು) ಮೊದಲು ಎದ್ದದ್ದು 1680ರಲ್ಲಿ. ಕಟ್ಟಿಸಿದವರು ಗೋವಾದ ದಿವಾಡಿಯ ಬಿಷಪ್ ತೋಮಸ್ ದೆ ಕಾಸ್ತ್ರೊ. ಅದಕ್ಕೆ ಜಾಗ ಕೊಟ್ಟವಳು ನಮ್ಮ ಕೆಳದಿ ಚೆನ್ನಮ್ಮ. ಬಿದನೂರಿನಿಂದ, ಅಂದರೆ ಇದೇ ನಮ್ಮ ನಗರದಿಂದ, ಆಳುತ್ತಿದ್ದ ರಾಣಿ. ಆಗ ಮಂಗಳೂರು ಬಂದರಿನ ಸೀಮೆಯೂ ಕೆಳದಿಯವರದೇ. ಘಟ್ಟದ ಮೆಣಸು ಕಡಲಿಗೆ ಇಳಿಯುತ್ತಿತ್ತು. ಹೊನ್ನಾವರ, ಮಿರ್ಜಾನ್, ಕಲ್ಯಾಣಪುರದಲ್ಲೂ ಇಗರ್ಜಿ ಕಟ್ಟಲು ಆಕೆ ಪೋರ್ಚುಗೀಸರಿಗೆ ಒಪ್ಪಿಗೆ ಕೊಟ್ಟಿದ್ದಳು.

1689ರಲ್ಲಿ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಅದೇ ತಾಯಿಯ ಇನ್ನೊಂದು ಕೆಲಸವನ್ನು ಯಾಕೆ ಬಿಡಬೇಕು ಹೇಳಿ?

ಕಳೆದ ಜುಲೈನಲ್ಲಿ ಅಮ್ಮನನ್ನೂ ಕರೆದುಕೊಂಡು ಶಿವಮೊಗ್ಗದ ಒಂದು ಕಚೇರಿಗೆ ಹೋಗಿದ್ದೆ. ಧೋ ಅಂತ ಮಳೆ. ಅಮ್ಮ ಬರುವುದು ಬೇಡ ಎಂದರೂ ಕೇಳಲಿಲ್ಲ. ವಯಸ್ಸಾದವರು ಬಂದರೆ ಮಾತಿಗೆ ಬೆಲೆ ಇರುತ್ತದೆ ಎಂದು ಅವರ ನಂಬಿಕೆ. ಮೂರು ಗಂಟೆ ಬೆಂಚಿನ ಮೇಲೆ ಕೂತೆವು. ಅಮ್ಮನ ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು. ಕೊನೆಗೆ ಒಳಗೆ ಕರೆದವರು ಅರ್ಜಿಯ ಮೊದಲ ಸಾಲು ಓದಿದರು, ಅಷ್ಟೇ. "ಇದು ನಿಮ್ಮ ಧರ್ಮದ ವಿಷಯ ಅಲ್ವಾ? ಮಂಗಳೂರಿನವರನ್ನು ಕೇಳಿ. ನೀವು ಅಲ್ಲಿಂದ ಬಂದವರು ತಾನೆ?" ಎಂದರು. ಅಮ್ಮನ ಎದುರಿಗೇ ಹೇಳಿದರು.

ಬಸ್ಸಿನಲ್ಲಿ ಅಮ್ಮ ಮಾತಾಡಲಿಲ್ಲ. ಆಯನೂರು ದಾಟಿತು. ರಿಪ್ಪನ್‌ಪೇಟೆ ಬಂದಾಗ ಕೇಳಿದರು, "ಮಗಾ, ನಾವು ಇಲ್ಲಿಯವರಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಗೋವಾ ಬಿಟ್ಟು ಬಂದ ನಮ್ಮ ಕ್ರೈಸ್ತ ಹಿರಿಯರಿಗೆ ಬೇಸಾಯಕ್ಕೆ ಭೂಮಿ ಕೊಟ್ಟವರೇ ಕೆಳದಿಯ ಅರಸರು. ಅಮ್ಮ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ, ಗದ್ದೆ ನಟ್ಟಿ ಮಾಡಿದ್ದು ಇಲ್ಲೇ. ಬಿದನೂರಿಗೂ ಆ ಇಗರ್ಜಿಗೂ ಏನು ಸಂಬಂಧ ಎಂದು ಇನ್ನೊಬ್ಬರು ಕೇಳಬಾರದು. ಅದಕ್ಕೇ ಫಲಕ ಬೇಕು ಅನ್ನುತ್ತಿದ್ದೇನೆ.

ಆ ಇಗರ್ಜಿಯೂ ಕಡಿಮೆ ಕಷ್ಟ ಕಂಡಿಲ್ಲ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕೆಡವಿದರು. ಟಿಪ್ಪು ಸೆರೆ ಒಯ್ದಿದ್ದ ಕ್ರೈಸ್ತರು, 1799ರಲ್ಲಿ ಅವನು ಸತ್ತ ನಂತರ ವಾಪಸ್ ಬಂದು ಮತ್ತೆ ಕಟ್ಟಿಕೊಂಡರು. 1911ರಲ್ಲಿ ಮುಂಭಾಗ ಕುಸಿಯಿತು. ಮತ್ತೆ ಕಟ್ಟಿದರು. ಚೆನ್ನಮ್ಮನ ಕಾಲದ ಕಟ್ಟಡ ಈಗ ಇಲ್ಲ, ಅದು ಇದ್ದ ಕಡೆ ಸ್ಮಶಾನ ಇದೆ. ಆಕೆಯ ಹೆಸರು ಹೇಳಲು ಅಲ್ಲಿ ಹಳೇ ಗೋಡೆ ಉಳಿದಿಲ್ಲ. ಇಲ್ಲಿ ಕೋಟೆಯ ಗೋಡೆ ಇನ್ನೂ ನಿಂತಿದೆ.

ಹಳೇ ಕೋಟೆಗಳ ನಿಯಮ ನಿಮಗೆ ಗೊತ್ತೇ ಇದೆ. ಕೋಟೆಯ ಒಳಗೆ ಏನೂ ಮಾಡಿ ಎಂದು ನಾನು ಕೇಳುತ್ತಿಲ್ಲ. ಹೊರಗೆ, ರಸ್ತೆ ಪಕ್ಕ ಸಾಕು. ಮೂರು ಅರ್ಜಿ ಕೊಟ್ಟೆ. ಒಂದಕ್ಕೂ ಹಿಂಬರಹ ಬಂದಿಲ್ಲ. ಹೋದಾಗಲೆಲ್ಲ "ಪರಿಶೀಲಿಸುತ್ತೇವೆ" ಅನ್ನುತ್ತಾರೆ. ಆ ಮಾತು ಕೇಳಿ ಕೇಳಿ ಸಾಕಾಗಿದೆ, ಸಾರ್. ಒಂದು ಫಲಕಕ್ಕೆ ಆರು ವರ್ಷ ಬೇಕಾ? ಚೆನ್ನಮ್ಮ ಜಾಗವನ್ನೇ ಕೊಟ್ಟಳು. ನಾವು ಕೇಳುತ್ತಿರುವುದು ನಾಲ್ಕು ಸಾಲು.

ಅಮ್ಮನಿಗೆ ಈಗ ಎಂಬತ್ತೊಂದು. ಈ ಸಲ ಮಳೆ ಹಿಡಿಯುವ ಮುಂಚೆ ಫಲಕ ಹಾಕಿಸಿ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಓದಿ ಹೇಳಬೇಕು.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ